ಮುಗಿಯಿತೋ, ಮುಗಿಸಿದೆನೋ

ಮನೆಗೆ ಬಂದು ಪದಕವನ್ನು ಊಟದ ಮೇಜಿನ ಮೇಲೆ ಇಟ್ಟೆ. ಅಪ್ಪಯ್ಯ ಅದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು.

"ಹಿತ್ತಾಳೆಯಾ?"

"ಅಲ್ಲ, ಎಂತದೋ ತಗಡು."

ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ, ಅದರ ಮೇಲಿದ್ದುದನ್ನು ಓದಿದರು. ಫಿನಿಶರ್ ಎಂದಿತ್ತು.

"ಅಂದರೆ ಮುಗಿಸಿದವರು ಅಂತ. ಅಲ್ಲವಾ?"

"ಹೌದು."

"ಮುಗಿಸಿದ್ದು ಯಾರು?"

ಬೇರೆಯವರ ಅಪ್ಪ ಕೇಳಿದ್ದರೆ ಇದು ತಮಾಷೆ. ನಮ್ಮ ಅಪ್ಪಯ್ಯ ಹೈಸ್ಕೂಲಿನಲ್ಲಿ 33 ವರ್ಷ ಸಂಸ್ಕೃತ ಕಲಿಸಿದವರು. ಈಗ 81. ಸಂಜೆ ಚಾವಡಿಯಲ್ಲಿ ಮೂವರು ನಿವೃತ್ತರನ್ನು ಕೂರಿಸಿಕೊಂಡು ಸೂತ್ರಭಾಷ್ಯ ಓದಿಸುತ್ತಾರೆ. ಅವರು ಪ್ರಶ್ನೆ ಕೇಳಿದರೆ ಅದು ಪ್ರಶ್ನೆಯೇ. ನನಗೆ ಆಗ ಹಸಿವು, ತೊಡೆ ಕಲ್ಲಿನ ಹಾಗೆ, ಕಿವಿಯಲ್ಲಿ ಇನ್ನೂ ಉಪ್ಪುನೀರು. "ಆಮೇಲೆ ಹೇಳ್ತೇನೆ" ಎಂದು ಗಂಜಿಗೆ ಕೂತೆ. ಆ 'ಆಮೇಲೆ' ಮೂರು ವಾರವಾಯಿತು.

ನನಗೆ 48. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಸಕ್ಕರೆ ಗಡಿ ದಾಟುವಂತಿದೆ ಎಂದು ಡಾಕ್ಟರು ಹೆದರಿಸಿದ್ದು, ನಡಿಗೆ ಮೆಲ್ಲನೆ ಓಟವಾದದ್ದು, ಮಗಳು ಹಾಸ್ಟೆಲಿಗೆ ಹೋದ ಮೇಲೆ ಶೆಡ್ಡಿನಲ್ಲಿ ಉಳಿದ ಅವಳ ಸೈಕಲ್ ಹತ್ತಿದ್ದು, ಇವೆಲ್ಲ ಯಾರ ಕಥೆಯಾದರೂ ಆಗಬಹುದು, ಬಿಡುತ್ತೇನೆ. ಈಜಿನದು ಮಾತ್ರ ಹೇಳಲೇಬೇಕು.

ನಮ್ಮ ಮನೆಯ ಹಿಂದೆ ಕೆರೆ ಇತ್ತು. ಅಣ್ಣನಿಗೆ ಏಳು ವರ್ಷವಾದಾಗ ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಸಹಿತ ಜೋಡಿಸಿ ಅವನ ಸೊಂಟಕ್ಕೆ ಕಟ್ಟಿ ನೀರಿಗೆ ದೂಡಿದರು. ನನ್ನನ್ನು ದಂಡೆಯಲ್ಲಿ ಅವನ ಅಂಗಿ ಚಡ್ಡಿ ಕಾಯಲು ಕೂರಿಸಿದರು. ನೀನು ಬೇಡ ಎಂದವರು ಯಾರೂ ಇಲ್ಲ, ಬಾ ಎಂದವರೂ ಇಲ್ಲ. ಹಾಗೆ ಕಡಲಿನಿಂದ ನಾಲ್ಕು ಮೈಲಿ ದೂರದಲ್ಲಿ ಹುಟ್ಟಿ ಬೆಳೆದವಳು 46ನೇ ವಯಸ್ಸಿಗೆ ಅಜ್ಜರಕಾಡಿನ ಈಜುಕೊಳದ ಕಂಬಿ ಹಿಡಿದು, ಆರು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು, ನೀರಿನೊಳಗೆ ಗುಳ್ಳೆ ಬಿಡಲು ಕಲಿತೆ. ನೆರೆಮನೆಯ ಹಿರಿಯರೊಬ್ಬರು ಈಜುಡುಗೆಯ ವಿಷಯ ಎತ್ತಿ ಅಪ್ಪಯ್ಯನಲ್ಲಿ ದೂರು ಹೇಳಿದರಂತೆ. ಅಪ್ಪಯ್ಯ ಸುಮಧ್ವವಿಜಯ ತೆಗೆದು ಕೂತರಂತೆ. ನಾರಾಯಣ ಪಂಡಿತಾಚಾರ್ಯರ ಆ ಕಾವ್ಯದಲ್ಲಿ ಬಾಲಕ ಮಧ್ವರು ಪಾಠ ತಪ್ಪಿಸಿ ಓಟದಲ್ಲಿ, ನೆಗೆತದಲ್ಲಿ, ಈಜಿನಲ್ಲಿ, ಕುಸ್ತಿಯಲ್ಲಿ ಗೆಳೆಯರನ್ನೆಲ್ಲ ಸೋಲಿಸುವ ವರ್ಣನೆ ಉಂಟು. "ಆಚಾರ್ಯರಿಗೆ ಆಗಬಹುದಾದದ್ದು ನನ್ನ ಮಗಳಿಗೆ ಯಾಕೆ ಆಗಬಾರದು?" ಎಂದರಂತೆ. ದೂರು ತಂದವರು ಚಹಾ ಕುಡಿಯದೆ ಎದ್ದು ಹೋದರು.

ಈಜು ನನಗೆ ಬಂದದ್ದು ಏಳನೇ ತಿಂಗಳಿನಲ್ಲಿ. 'ಬಂದದ್ದು' ಎಂದೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ನಾವು ಬೇರೆ ಹೇಗೂ ಹೇಳುವುದಿಲ್ಲ. ನನಗೆ ಈಜು ಬರುತ್ತದೆ, ನಿನಗೆ ಸೈಕಲ್ ಬರುತ್ತದಾ, ಅವಳಿಗೆ ಸಂಸ್ಕೃತ ಬರುವುದಿಲ್ಲ. ವಿದ್ಯೆ ಎಲ್ಲಿಂದಲೋ ಬರುವ ನೆಂಟ, ನಾವು ಜಗಲಿಯಲ್ಲಿ ಕಾಯುವವರು. ಏಳು ತಿಂಗಳು ದಿನವೂ ನೀರು ಕುಡಿದವಳು ನಾನು, ಆದರೆ ಒಂದು ಮಂಗಳವಾರ ಬೆಳಿಗ್ಗೆ ದೇಹ ತಾನಾಗಿ ತೇಲಿದಾಗ ಹಿಂದಿನ ದಿನಕ್ಕಿಂತ ಬೇರೆ ಎಂತ ಮಾಡಿದೆ ಎಂದರೆ ಹೇಳಲಿಕ್ಕೆ ಗೊತ್ತಿರಲಿಲ್ಲ. ಬಂತು, ಅಷ್ಟೆ.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ, ನಡುವೆ ಬಿಡುವಿಲ್ಲದೆ. ನಾನು ಸೇರಿದ್ದು ಅದರ ಸಣ್ಣ ಬಗೆ: ಕಡಲಿನಲ್ಲಿ 750 ಮೀಟರ್, ರಸ್ತೆಯಲ್ಲಿ 20 ಕಿಲೋಮೀಟರ್, ಕೊನೆಗೆ 5 ಕಿಲೋಮೀಟರ್ ಓಟ. ದೊಡ್ಡದರ ಹೆಸರು ಐರನ್‌ಮ್ಯಾನ್, 3.8 ಕಿಲೋಮೀಟರ್ ಈಜು, 180 ಸೈಕಲ್, 42.2 ಓಟ. ಅದು 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ನಡೆದಾಗ ಹೊರಟವರು 15, ಮುಟ್ಟಿದವರು 12. ಇಷ್ಟು ಓದಿದಾಗ ನನಗೆ ಕುತೂಹಲವಾದದ್ದು ಇನ್ನೊಂದು ವಿಷಯ. ಆ ಮೊದಲ ವರ್ಷ ಪ್ರತಿಯೊಬ್ಬನೂ ತನ್ನ ಸಹಾಯಕರನ್ನು ತಾನೇ ಕರೆತರಬೇಕಿತ್ತು. ಎರಡನೆಯವನಾಗಿ ಮುಟ್ಟಿದ ಜಾನ್ ಡನ್‌ಬಾರನ ಸಹಾಯಕರಲ್ಲಿ ನೀರು ಮುಗಿದು ಬಿಯರ್ ಕೊಟ್ಟರಂತೆ. ಅಂದರೆ 'ಎಲ್ಲ ನೀನೇ, ನೀನೊಬ್ಬನೇ' ಎಂದು ಈಗ ಟೀ ಶರ್ಟಿನ ಬೆನ್ನಿಗೆ ಬರೆಸಿಕೊಳ್ಳುವ ಈ ಆಟ ಶುರುವಾದದ್ದೇ ಜತೆಯವರನ್ನು ಕಟ್ಟಿಕೊಂಡು.

ಓಟದ ಹಿಂದಿನ ಸಂಜೆ ನಿಯಮ ಓದಿ ಹೇಳುವ ಸಭೆ. ನಾನು ಪೆನ್ನು ಹಿಡಿದು ಕೂತೆ, ಬ್ಯಾಂಕಿನ ಅಭ್ಯಾಸ. ಹೆಲ್ಮೆಟ್ಟಿನ ಬಕಲ್ ಹಾಕದೆ ಸೈಕಲ್ ಮುಟ್ಟಬಾರದು. ಮುಂದಿನ ಸೈಕಲ್ಲಿನ ಹಿಂದೆ 10 ಮೀಟರ್ ಒಳಗೆ ಅಂಟಿಕೊಂಡು ಹೋಗಬಾರದು, ಯಾಕೆಂದರೆ ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಪುಕ್ಕಟೆ. ಓಟದಲ್ಲಿ ಹೊರಗಿನವರು ಜತೆಗೆ ಓಡಬಾರದು. ಮನೆಯವರು ನೀರು ಕೊಡಬಾರದು, ವ್ಯವಸ್ಥಾಪಕರ ಮೇಜಿನ ನೀರು ಕುಡಿಯಬಹುದು. ಈಜಿನಲ್ಲಿ ದಣಿದರೆ ಕಾಯಾಕ್ ದೋಣಿ ಹಿಡಿದು ನಿಲ್ಲಬಹುದು. ಆದರೆ ಅದು ನಿಮ್ಮನ್ನು ಒಂದು ಗೇಣೂ ಮುಂದೆ ಎಳೆಯಬಾರದು.

ಈ ಕೊನೆಯದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಇದು ಆಟದ ನಿಯಮವಲ್ಲ, ಕರ್ತೃತ್ವ ವಿಚಾರ. ಯಾವ ಸಹಾಯ ಬಂದರೂ ಕೆಲಸ ನಿನ್ನದೇ ಆಗಿ ಉಳಿಯುತ್ತದೆ, ಯಾವುದು ಬಂದರೆ ಉಳಿಯುವುದಿಲ್ಲ ಎಂದು ಯಾರೋ ಕೂತು ಗೆರೆ ಎಳೆದಿದ್ದಾರೆ. ಮುಳುಗದಂತೆ ಹಿಡಿಯಬಹುದು, ಮುಂದೆ ದೂಡಬಾರದು. ನೀರಿನಲ್ಲಿ ಇನ್ನೊಬ್ಬರ ಹಿಂದೆ ಅಂಟಿಕೊಂಡು ಈಜಬಹುದು, ರಸ್ತೆಯಲ್ಲಿ ಅದೇ ಅಪರಾಧ. ತರ್ಕ ಹುಡುಕಬೇಡಿ, ಧರ್ಮಶಾಸ್ತ್ರದ ಹಾಗೆ ಇದು ಆಚಾರ.

2016ರಲ್ಲಿ ಮೆಕ್ಸಿಕೋದ ಕೊಸುಮೆಲ್‌ನಲ್ಲಿ ಬ್ರಿಟನ್ನಿನ ಜಾನಿ ಬ್ರೌನ್ಲೀ ಗೆಲುವಿನ ಗೆರೆಗೆ ಕೆಲವೇ ನೂರು ಮೀಟರ್ ಮೊದಲು ಬಿಸಿಲಿಗೆ ತೂರಾಡತೊಡಗಿದಾಗ, ಹಿಂದಿನಿಂದ ಬಂದ ಅಣ್ಣ ಆಲಿಸ್ಟರ್ ಅವನ ತೋಳು ಹೆಗಲಿಗೆ ಹಾಕಿಕೊಂಡು ಗೆರೆಯವರೆಗೆ ತಂದು, ತನಗಿಂತ ಮೊದಲು ದಾಟುವಂತೆ ದೂಡಿದ. ತಮ್ಮನಿಗೆ ಎರಡನೆಯ ಸ್ಥಾನ, ಅಣ್ಣನಿಗೆ ಮೂರನೆಯದು. ಆಗಿನ ನಿಯಮ ಅದನ್ನು ಒಪ್ಪಿತು. 2019ರಲ್ಲಿ ಟೋಕಿಯೋದಲ್ಲಿ ಬ್ರಿಟನ್ನಿನವರೇ ಇಬ್ಬರು ಹೆಂಗಸರು, ಜೆಸ್ ಲರ್ಮಂತ್ ಮತ್ತು ಜಾರ್ಜಿಯಾ ಟೇಲರ್‌ಬ್ರೌನ್, ಎಲ್ಲರಿಗಿಂತ ಮುಂದಿದ್ದವರು, ಕೈ ಕೈ ಹಿಡಿದು ಒಟ್ಟಿಗೆ ಗೆರೆ ದಾಟಿದರು. ಇಬ್ಬರನ್ನೂ ಅನರ್ಹಗೊಳಿಸಿದರು. ಬೇಕೆಂದೇ ಸಮವಾಗಿ ಮುಗಿಸುವಂತಿಲ್ಲ. ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಅವರಿಗೆ ಎಲ್ಲಿಲ್ಲದ ಖುಷಿ. ಆಚಾರ್ಯರ ಪಂಚಭೇದಗಳಲ್ಲಿ ಒಂದು ಜೀವ ಜೀವ ಭೇದ: ಒಂದು ಜೀವ ಇನ್ನೊಂದಲ್ಲ, ಮೋಕ್ಷದಲ್ಲೂ ಅಲ್ಲ. "ನಿಮ್ಮ ಆಟದವರು ನಮ್ಮವರೇ ಮಾರಾಯ್ತಿ!"

ಬೆಳಿಗ್ಗೆ ಏಳಕ್ಕೆ ಶುರುವಾಗಬೇಕಿದ್ದದ್ದು ಎಂಟಾಯಿತು, ಯಾವುದೋ ದೋಣಿ ಬಂದಿರಲಿಲ್ಲ. ಒಂದು ಗಂಟೆ ಮರಳಿನಲ್ಲಿ ನಿಂತು ಕಡಲು ನೋಡಿದೆ. ಅದು ನನ್ನ ತಪ್ಪು. ಅಭ್ಯಾಸಕ್ಕೆಂದು ಮಲ್ಪೆಯಲ್ಲಿ ಏಳೆಂಟು ಸಲ ಇಳಿದಿದ್ದೆ. ಗೋಪಿಚಂದನದ ಗಡ್ಡೆಯೊಳಗೆ ಕೃಷ್ಣ ಬಂದಿಳಿದ ಕಡಲು ಎಂದು ಸಣ್ಣಂದಿನಿಂದ ಕೇಳಿ ಅದರಲ್ಲಿ ಒಂದು ನೆಂಟಸ್ತಿಕೆ ಇತ್ತು. ಇದು ಬೇರೆ ಊರು, ಬೇರೆ ತೆರೆ. ಕಾಲಿನ ಕೆಳಗೆ ನೆಲ ಹೋದ ಕೂಡಲೇ ಈಜುಕೊಳದ ಏಳು ತಿಂಗಳೂ ಹೋದವು. ಕನ್ನಡಕಕ್ಕೆ ಮಂಜು. ಎಡದಿಂದ ಯಾರದೋ ಮೊಣಕೈ. ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ.

ನಮ್ಮಲ್ಲಿ ಒಂದು ಲೆಕ್ಕ ಉಂಟು. ಪ್ರತಿ ಜೀವದೊಳಗೆ ಮುಖ್ಯಪ್ರಾಣನು ಕೂತು ದಿನಕ್ಕೆ 21,600 ಸಲ ಹಂಸಮಂತ್ರ ಜಪಿಸುತ್ತಾನೆ, ನಮ್ಮ ಒಂದೊಂದು ಉಸಿರೂ ಅವನ ಒಂದೊಂದು ಜಪ. ಭಾಗಿಸಿದರೆ ನಿಮಿಷಕ್ಕೆ 15. ಆ ಹೊತ್ತು ನನ್ನದು 40 ದಾಟಿತ್ತು, ಮುಖ್ಯಪ್ರಾಣನಿಗೆ ಓವರ್‌ಟೈಮ್. ನಗಬೇಡಿ, ನನಗೆ ಆಗ ನಿಜವಾಗಿ ಹೊಳೆದದ್ದು ಇದೇ. ಹೊಳೆದು, ಅಂಗಾತ ತಿರುಗಿ, ಆಕಾಶ ನೋಡುತ್ತ ತೇಲಿದೆ. ಕಾಯಾಕಿನ ಹುಡುಗ ಹತ್ತಿರ ಬಂದ. ಹಿಡಿದೆ.

"ಅಕ್ಕ, ಗಟ್ಟಿ ಹಿಡ್ಕೊಳ್ಳಿ. ನಾನು ಹುಟ್ಟು ಹಾಕುದಿಲ್ಲ, ಇಲ್ಲೇ ನಿಲ್ತೇನೆ. ಅವಸರ ಇಲ್ಲ."

ದೋಣಿ ನಿಂತಲ್ಲೇ ಏರಿತು, ನಿಂತಲ್ಲೇ ಇಳಿಯಿತು. ಮುಂದೆ ಹೋಗಬಾರದು ಎಂದು ಅವನು ಹುಟ್ಟನ್ನು ಹಿಂದಕ್ಕೆ ಒತ್ತಿ ಹಿಡಿದಿದ್ದ. ನನ್ನ ಓಟ ನನ್ನದಾಗಿಯೇ ಉಳಿಯಲಿ ಎಂದು ಅವನು ತೆರೆಯ ಜತೆ ಗುದ್ದಾಡುತ್ತಿದ್ದಾನೆ ಎಂಬುದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎರಡು ಸಲ ಹಾಗೆ ಹಿಡಿದೆ. 31 ನಿಮಿಷಕ್ಕೆ ಮರಳು ಮುಟ್ಟಿದೆ.

ಸೈಕಲ್ಲಿನದು ಬೇಗ ಹೇಳಿ ಮುಗಿಸಬಹುದು. ಹೋಗುವಾಗ ಸುಖ. ಪಡುಕೆರೆಯಿಂದ ಮಟ್ಟುವಿನ ಕಡೆ ಹೋಗುವ, ಒಂದು ಬದಿ ಕಡಲು ಇನ್ನೊಂದು ಬದಿ ಹೊಳೆ ಇರುವ ದಾರಿಯಲ್ಲಿ ಭಾನುವಾರಗಳನ್ನು ಕಳೆದವಳಿಗೆ ಕರಾವಳಿಯ ಗಾಳಿಯ ಗುಣ ಗೊತ್ತು. ಹೊತ್ತು ಏರಿದಂತೆ ಅದು ಕಡಲಿನಿಂದ ತಿರುಗಿ ಬೀಸುತ್ತದೆ. ಒಂದು ಗಂಟೆ ತಡವಾಗಿ ಹೊರಟದ್ದರ ಬಡ್ಡಿಯನ್ನು ಮರಳುವ ಹತ್ತು ಕಿಲೋಮೀಟರಿನಲ್ಲಿ ಕಟ್ಟಿದೆ. ಹನುಮ, ಭೀಮ, ಮಧ್ವ ಎಂದು ಮೂರು ಅವತಾರ ಎತ್ತಿದ ವಾಯುದೇವರು ನಮ್ಮ ಮತಕ್ಕೆ ಜೀವೋತ್ತಮರು. ಅಪ್ಪಯ್ಯ ದಿನಾ ಪೂಜಿಸುವ ಅದೇ ದೇವರು ಎದೆಗೆ ಕೈ ಇಟ್ಟು ಹಿಂದಕ್ಕೆ ಒತ್ತುತ್ತಿದ್ದ. ಒಳಗಿನಿಂದ ಉಸಿರಾಗಿ ದೂಡುವವನೂ ಅವನೇ. ಮುಂದೆ ಒಬ್ಬ ದಪ್ಪ ಮೈಯವರು ಹೋಗುತ್ತಿದ್ದರು, ಅವರ ಮರೆಯಲ್ಲಿ ಸೇರಿಕೊಂಡರೆ ಎಷ್ಟು ಸುಖವಿತ್ತು! 10 ಮೀಟರ್ ಬಿಟ್ಟೇ ತುಳಿದೆ. ಪುಣ್ಯಕ್ಕಲ್ಲ, ಮೋಟಾರು ಬೈಕಿನಲ್ಲಿ ರೆಫರಿ ಇದ್ದರು.

ಓಟ ಎಂದು ಹೇಳುವುದು ಬಾಯಿಮಾತಿಗೆ. ಸೈಕಲ್ ಇಳಿದ ಕಾಲು ಎರಡು ಬಾಳೆದಿಂಡು. ಒಟ್ಟು 2 ಗಂಟೆ 26 ನಿಮಿಷ. ಮುಗಿಸಿದ 58 ಜನರಲ್ಲಿ 55ನೆಯವಳು.

ಹೊರಟವರು 63. ಉಳಿದ ಐವರಲ್ಲಿ ಒಬ್ಬರು ನನ್ನ ಈಜುಕೊಳದ ಜತೆಗಾರರು, ಒಂದು ಕಾಲೇಜಿನ ಲ್ಯಾಬ್ ಸಹಾಯಕರು. ನನಗಿಂತ ಹತ್ತು ವರ್ಷ ಸಣ್ಣವರು, ನನಗಿಂತ ಎಷ್ಟೋ ಚೆನ್ನಾಗಿ ಈಜುವವರು. ಒಂದು ದಿನ ಅಭ್ಯಾಸ ತಪ್ಪಿಸಿದವರಲ್ಲ. ನಾನು ಮಳೆಗಾಲದಲ್ಲಿ ವಾರಗಟ್ಟಲೆ ತಪ್ಪಿಸಿದವಳು. ಅರ್ಧ ದಾರಿಯಲ್ಲಿ ಅವರ ಮೀನಖಂಡ ಸೆಟೆದುಕೊಂಡಿತು. ಬೋಟಿಗೆ ಎತ್ತಿ ಹಾಕಿದರು. ನಾನು ಪದಕ ಹಾಕಿಸಿಕೊಂಡು ಬಂದಾಗ ಅವರು ತೆಂಗಿನ ಮರದ ಬುಡದಲ್ಲಿ ಟವೆಲ್ ಹೊದ್ದು ಕೂತಿದ್ದರು. "ಕಂಗ್ರಾಟ್ಸ್ ಅಕ್ಕ" ಎಂದರು. ನಾನು ಪದಕವನ್ನು ಅಂಗಿಯೊಳಗೆ ತೂರಿಸಿದೆ.

ಅಪ್ಪಯ್ಯನ ಪ್ರಶ್ನೆಗೆ ಸಿಕ್ಕಿಬಿದ್ದದ್ದು ಇಲ್ಲಿ. ಬ್ಯಾಂಕಿನಲ್ಲಿ ಎಲ್ಲರೂ ಹೇಳಿದ್ದು, ಮೇಡಂ, ಎಲ್ಲ ನಿಮ್ಮ ಮನಸ್ಸಿನ ಬಲ. ಹಾಗಾದರೆ ಅವರ ಮನಸ್ಸಿಗೆ ಬಲ ಇರಲಿಲ್ಲವೆ? ಮೂರು ವಾರ ಬಿಟ್ಟು ಒಂದು ಸಂಜೆ, ನಿವೃತ್ತರು ಎದ್ದು ಹೋದ ಮೇಲೆ, ಅಪ್ಪಯ್ಯನ ಎದುರು ಕೂತೆ.

"ನಾನೇ ಮುಗಿಸಿದ್ದು ಅಂತ ಹೇಳಲಿಕ್ಕೆ ಬಾಯಿ ಬರುದಿಲ್ಲ ಅಪ್ಪಯ್ಯ. ನಾನಲ್ಲ ಅನ್ನಲಿಕ್ಕೆ ಈ ಮೊಣಕಾಲು ಬಿಡುದಿಲ್ಲ."

ಅವರು ತಲೆಬಾಗಿಲು ತೋರಿಸಿದರು. ಹಲಸಿನ ಮರದ್ದು, ದಾರಂದದಲ್ಲಿ ಬಳ್ಳಿಯ ಕೆತ್ತನೆ. "ಇದು ಮಾಡಿದ್ದು ಯಾರು?"

"ಅಜ್ಜ ಮಾಡಿಸಿದ್ದು."

"ನಾನು ಕೇಳಿದ್ದು ಮಾಡಿದ್ದು ಯಾರು ಅಂತ. ಆಚಾರಿ. ಅಜ್ಜ ಮಾಡಿಸಿದ, ಆಚಾರಿ ಮಾಡಿದ. ನಿಮ್ಮ ಕನ್ನಡದ 'ಇಸು' ಪ್ರತ್ಯಯ ಉಂಟಲ್ಲ, ಅದರಲ್ಲಿ ಎಲ್ಲ ಉಂಟು."

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವ ಕರ್ತೃವೋ ಅಲ್ಲವೋ ಎಂಬ ಚರ್ಚೆಯ ನಡುವೆ ಬಡಗಿಯ ದೃಷ್ಟಾಂತ ಬರುತ್ತದೆ. ಶಂಕರರು ಅದನ್ನು ಓದುವ ರೀತಿ ಹೀಗೆ: ಬಡಗಿ ಬಾಚಿ ಹಿಡಿದಾಗ ಕರ್ತೃ, ದಣಿಯುತ್ತಾನೆ, ಕೆಳಗಿಟ್ಟು ಮನೆಗೆ ಹೋದರೆ ನಿರಾಳ, ಆತ್ಮನಿಗೆ ಕರ್ತೃತ್ವ ಹಾಗೆ ಉಪಕರಣದಿಂದ ಅಂಟಿದ್ದು, ಸ್ವಭಾವವಲ್ಲ. ಮಧ್ವರಿಗೆ ಬಡಗಿಯಲ್ಲಿ ಕಂಡದ್ದು ಬೇರೆ: ಅವನು ಮಾಡಿಸುವವನ ಅಧೀನ, ಆದರೂ ಮಾಡುವವನು ಅವನೇ. ಎರಡೂ ಒಟ್ಟಿಗೆ ನಿಜ. ನನಗೆ ಮಧ್ವರ ಬಡಗಿ ಹಿಡಿಸುತ್ತಾನೆ. ಶಂಕರರ ಬಡಗಿ ಸಂಜೆ ಬಾಚಿ ಕೆಳಗಿಟ್ಟ ಹೊತ್ತಿನಲ್ಲಿ ಚೆಂದ ಕಾಣುತ್ತಾನೆ, ಆದರೆ ಬಾಗಿಲು ಮಾಡುವಾಗ ಅವನ ಬೆವರಿಗೆ ಇನ್ನೂ ಗಟ್ಟಿಯಾದ ಲೆಕ್ಕ ಬೇಕು. ಇದು ಪಕ್ಷಪಾತ ಇರಬಹುದು, ಹುಟ್ಟಿದ ಮನೆ ಬಿಡುತ್ತದೆಯೇ?

ಗೀತೆಯ ಕೊನೆಯ ಅಧ್ಯಾಯದಲ್ಲಿ ಯಾವುದೇ ಕೆಲಸಕ್ಕೆ ಐದು ಕಾರಣ ಹೇಳಿದೆ: ಆಶ್ರಯವಾದ ದೇಹ, ಕರ್ತೃ, ಕರಣಗಳು, ಬೇರೆ ಬೇರೆ ಚೇಷ್ಟೆ, ಐದನೆಯದು ದೈವ. ಅಪ್ಪಯ್ಯ ಬೆರಳು ಮಡಚಿ ಎಣಿಸಿದರು. "ಐದರಲ್ಲಿ ನಿನ್ನದು ಒಂದು ಪಾಲು. ಪಾಲುದಾರಳು ಇಡೀ ತೋಟ ನನ್ನದು ಅಂದರೆ ಸುಳ್ಳು. ಪಾಲೇ ಇಲ್ಲ ಅಂದರೂ ಸುಳ್ಳು. ಅದಕ್ಕೇ ಕೊನೆಗೆ ಕೃಷ್ಣಾರ್ಪಣ ಬಿಡುದು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಟವೆಲ್ ಹೊದ್ದು ಕೂತವರು ಕಣ್ಣೆದುರಿಗಿದ್ದರು.

"ಅವರದ್ದು? ಅವರಿಗೆ ಮುಗಿಯಲಿಲ್ಲ. ಅದೂ ಹರಿಯೇ ಮಾಡಿಸಿದ್ದಾ?"

ದೇವರಿಗೆ ವೈಷಮ್ಯವಿಲ್ಲ, ನೈರ್ಘೃಣ್ಯವಿಲ್ಲ, ಅವನು ಜೀವದ ಕರ್ಮ ನೋಡಿ ನಡೆಸುವವನು ಎಂದು ಸೂತ್ರವೇ ಹೇಳುತ್ತದೆ ಎಂದರು. ಮಧ್ವಮತದಲ್ಲಿ ಅದರ ಹಿಂದೆ ಒಂದೊಂದು ಜೀವದ ಸ್ವರೂಪಯೋಗ್ಯತೆ ಎಂಬುದೂ ಉಂಟು. ನನಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. 2011ರಲ್ಲಿ ಅಮ್ಮ ಹೋದಾಗ ಇದೇ ಚಾವಡಿಯಲ್ಲಿ ಬಂದವರೆಲ್ಲ ಹೇಳಿದ್ದು: ಹರಿಚಿತ್ತ. ಹನ್ನೊಂದು ತಿಂಗಳು ಅವಳು ಪಟ್ಟದ್ದನ್ನು ಆ ನಾಲ್ಕಕ್ಷರದಲ್ಲಿ ಕಟ್ಟಿಟ್ಟು, ಕಾಫಿ ಕುಡಿದು ಹೋದರು. ಅವರು ಹೇಳಿದ್ದು ಸಿದ್ಧಾಂತಕ್ಕೆ ಸರಿಯೇ ಇರಬಹುದು. ನನಗೆ ಮಾತ್ರ ಆ ದಿನದಿಂದ ಆ ಶಬ್ದ ಕೇಳಿದರೆ ಆಗುವುದಿಲ್ಲ.

"ಅಪ್ಪಯ್ಯ, ನೈವೇದ್ಯಕ್ಕೆ ನಾವು ಇಡುದು ನಮ್ಮ ಒಲೆಯಲ್ಲಿ ಬೆಂದದ್ದನ್ನು. ಪಕ್ಕದ ಮನೆಯ ಪಾತ್ರೆ ತಂದು ಇಡ್ಲಿಕ್ಕೆ ಆಗ್ತದಾ?"

"ಆಗುದಿಲ್ಲ."

"ಹಾಗಾದರೆ ನಾನು ಮಾಡಿದ್ದನ್ನು ಹರಿ ಮಾಡಿಸಿದ ಅಂತ ನಾನು ಹೇಳಬಹುದು. ಅವರಿಗೆ ತಪ್ಪಿದ್ದನ್ನು ಹರಿ ತಪ್ಪಿಸಿದ ಅಂತ ಬೇಕಾದರೆ ಅವರು ಹೇಳಿಕೊಳ್ಳಲಿ. ಅದು ಅವರ ಒಲೆ. ನಾನು ಹೇಳುವ ಹಾಗಿಲ್ಲ. ಅಮ್ಮನದ್ದು ಅಮ್ಮ ಹೇಳಬಹುದಿತ್ತು, ಬಂದವರಲ್ಲ."

ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದರು. ಅಮ್ಮನ ಮಾತು ಎತ್ತಬಾರದಿತ್ತೋ ಎಂದು ನನಗೆ ಅಳುಕಾಯಿತು. ಆಮೇಲೆ ಪುಸ್ತಕ ಮುಚ್ಚಿ, ದಾರ ಸುತ್ತಿ ಹೇಳಿದರು, "ಭಾಷ್ಯದಲ್ಲಿ ಹಾಗೆ ಇಲ್ಲ." ಎದ್ದು ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ವಿರೋಧವೂ ಇಲ್ಲ."

ನನ್ನ ಉತ್ತರ ಈಗ ಇಷ್ಟೇ. ಕಡಲಿನಲ್ಲಿ ಮುಗಿಯಿತು, ರಸ್ತೆಯಲ್ಲಿ ಮುಗಿಸಿದೆ. ಓಟದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕಾಯಾಕಿನ ಹುಡುಗ ಮಲ್ಪೆಯವನೇ ಎಂದು ಆಮೇಲೆ ಗೊತ್ತಾಗಿ ಒಂದು ಶನಿವಾರ ಬಂದರಿಗೆ ಹುಡುಕಿಕೊಂಡು ಹೋದೆ. ಬೋಟಿಗೆ ಹೋಗಿದ್ದಾನೆ, ಆಳಸಮುದ್ರದ್ದು, ಬರಲಿಕ್ಕೆ ಹತ್ತು ದಿನ ಆದೀತು ಎಂದರು. ಇನ್ನೊಮ್ಮೆ ಹೋಗಬೇಕು. ಲ್ಯಾಬ್ ಸಹಾಯಕರು ಮುಂದಿನ ವರ್ಷದ್ದಕ್ಕೆ ಈಗಲೇ ದುಡ್ಡು ಕಟ್ಟಿದ್ದಾರೆ. ಪದಕವನ್ನು ಅಪ್ಪಯ್ಯ ದೇವರ ಕೋಣೆಯ ಕಿಟಕಿಯ ಸರಳಿಗೆ ತೂಗಹಾಕಿದ್ದಾರೆ. ಪಡುಗಾಳಿ ಬೀಸುವ ಬದಿ ಅದು, ಅಂಚಿನಲ್ಲಿ ಆಗಲೇ ತುಕ್ಕು ಕಾಣಿಸಿದೆ.